ಗೂಡೊಂದು ಮರದಲ್ಲಿ, ಕೂಗೊಂದು ಮರದಲ್ಲಿ

“ಹೂಂ.”

ಆ ಮನೆಯ ಅಳಿಯ ಗುಂಡಿ ಒತ್ತಿ ಚಿತ್ರ ನಿಲ್ಲಿಸಿದ. ಸಾವಧಾನಮ್ಮ ಕಣ್ಣು ತೆರೆಯದೆ ತೋರುಬೆರಳನ್ನು ಮಾತ್ರ ಎತ್ತಿದರು. ಇನ್ನೊಂದು ಸಲ ಎಂದು ಅದರ ಅರ್ಥ.

“ಹೂಂ.”

“ಇದಕ್ಕೆ ಹಿಂದಿನದು ಹಾಕಿ.”

“ಹೂಂ.”

“ಅದಕ್ಕೂ ಹಿಂದಿನದು.”

ಅದೂ ಹೂಂ. ಪ್ರತಿಯೊಂದರ ಬಾಲಕ್ಕೂ ಕುರ್ಚಿಯೊಂದು ಮೆಲ್ಲಗೆ ಕಿರುಗುಟ್ಟಿದ ಸದ್ದು ಅಂಟಿಕೊಂಡಿತ್ತು. ಹೂಂಗಳು ಹಲವು, ಬಾಲ ಒಂದೇ.

ನಮ್ಮ ಭಾವನಿಗೆ ಹೂಂ ಬಿಟ್ಟರೆ ಬೇರೆ ಮಾತೇ ಬರುವುದಿಲ್ಲ, ಮದುವೆಯ ದಿನವೂ ಅಷ್ಟನ್ನೇ ಹೇಳಿ ಮುಗಿಸಿದವರು ಎಂದು ಅಳಿಯ ನಗೆಯಾಡಿದ. ಸಾವಧಾನಮ್ಮ ನಗಲಿಲ್ಲ. ಪೊಲೀಸ್ ಇಲಾಖೆಯಲ್ಲಿ ಇದ್ದಷ್ಟು ಕಾಲವೂ ಯಾರು ಅವಸರಪಟ್ಟರೂ ‘ಸಾವಧಾನ’ ಎನ್ನುತ್ತಿದ್ದವರು ಅವರು. ನಿವೃತ್ತರಾದಾಗ ಹುದ್ದೆ ಹೋಯಿತು, ಆ ಮಾತು ಹೆಸರಾಗಿ ಉಳಿಯಿತು.

“ಮನುಷ್ಯ ಒಂದೇ ತರ ಎರಡು ಸಲ ಹೂಂ ಅನ್ನೋಲ್ಲ ಅಳಿಯಂದಿರೇ. ನಿದ್ದೆ ಹತ್ತಿದಾಗ ಒಂದು ಹೂಂ, ಹೆದರಿಕೆ ಆದಾಗ ಇನ್ನೊಂದು, ಮನಸ್ಸು ಎಲ್ಲೋ ಇದ್ದಾಗ ಮತ್ತೊಂದು. ಇದು ಒಂದೇ ಹೂಂ. ಒಗೆದು ಒಗೆದು ಮತ್ತೆ ಉಡಿಸಿದ್ದು.”

ಅಳಿಯನ ನಗೆ ತುಟಿಯ ಮೇಲೆಯೇ ಒಣಗಿತು.

ಆ ಮನೆಯ ಹಿರಿಯರು, ಅಜ್ಜಿಯ ಗಂಡ, ಮಹಡಿಯ ಕೋಣೆಯಲ್ಲಿ ಉಸಿರು ಬಿಟ್ಟ ಹೊತ್ತಿನಲ್ಲಿ ಉಳಿದವರೆಲ್ಲ ಕೆಳಗೆ ಅಜ್ಜಿಯ ಕಥೆ ಕೇಳುತ್ತ ಕೂತಿದ್ದರು ಎನ್ನುವುದಕ್ಕೆ ಈ ಚಿತ್ರವೇ ಸಾಕ್ಷಿಯಾಗಿತ್ತು. ಕಥೆಗೆ ಕೂರದೇ ಇದ್ದವಳು ನರ್ಸ್ ಒಬ್ಬಳೇ ಆದ್ದರಿಂದ, ಆಮ್ಲಜನಕದ ಸಿಲಿಂಡರಿನ ತಿರುಪು ಮುಚ್ಚಿದ ಕೈ ಅವಳದೇ ಎಂದು ಠಾಣೆಯವರು ಬರೆದುಕೊಂಡಿದ್ದರು. ಬೆಳಗಾದರೆ ಅವಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ.

ಆ ಮನೆಗೆ ಹಳೆಯ ಪರಿಚಯದವರಾದ ಸಾವಧಾನಮ್ಮ ಅದನ್ನು ನಂಬಲಾರದೆ ಬೆಳಗ್ಗೆ ಠಾಣೆಗೆ ಹೋಗಿ ಆ ಹುಡುಗಿಯನ್ನು ನೋಡಿ ಬಂದಿದ್ದರು. ತನ್ನ ಗತಿ ಏನು ಎಂದು ಅವಳು ಕೇಳಲಿಲ್ಲ. ಅಜ್ಜಿಯ ಕಣ್ಣಿಗೆ ಹನಿ ಯಾರು ಹಾಕುತ್ತಿದ್ದಾರೆ ಎಂದು ಕೇಳಿದಳು. ಎಡಗಣ್ಣಿಗೆ ಮೊದಲು ಹಾಕಬೇಕು, ಇಲ್ಲದಿದ್ದರೆ ಹಟ ಮಾಡುತ್ತಾರೆ ಎಂದಳು. ಆ ಮಾತು ಸಾವಧಾನಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಅಳಿಯನ ಕೆಲಸದ ಕೋಣೆ ಮಹಡಿಯ ಕೊನೆಯಲ್ಲಿತ್ತು. ಅದರ ಪಕ್ಕದ್ದೇ ಹಿರಿಯರ ಕೋಣೆ, ಈಗ ಬೀಗ. ಪರದೆ ಎಳೆದ ಕಿಟಕಿಯ ಸಂದಿನಿಂದ ಮಧ್ಯಾಹ್ನದ ಬಿಸಿಲು ಒಂದು ನೂಲಿನಷ್ಟು ಒಳಗೆ ಬಂದಿತ್ತು. ಅದರಲ್ಲಿ ಧೂಳಿನ ಕಣಗಳು ಏಳುತ್ತ ಇಳಿಯುತ್ತ, ತಮಗೆ ಯಾವ ಊರಿಗೂ ಹೋಗಬೇಕಾಗಿಲ್ಲ ಎನ್ನುವ ಹಾಗೆ ತೇಲುತ್ತಿದ್ದವು. ಮೇಜಿನ ಮೇಲೆ ಕಂಪ್ಯೂಟರಿನ ಎರಡು ಪರದೆ, ಕಪ್ಪು ಪೆಟ್ಟಿಗೆಯ ಎರಡು ಸ್ಪೀಕರು, ತಂತಿಗಳ ಗೋಜಲು, ಆರಿದ ಕಾಫಿಯ ಲೋಟ.

ಕೆಳಗಿನ ಹಜಾರದಿಂದ ಅಜ್ಜಿಯ ದನಿ ತೇಲಿ ಬರುತ್ತಿತ್ತು. ಗಂಡ ಹೋದ ದಿನದಿಂದ ಅಜ್ಜಿ ಅದೇ ಕಥೆಯನ್ನು ಹೇಳುತ್ತಿದ್ದರು, ಎದುರಿಗೆ ಯಾರೂ ಕೂತಿರದಿದ್ದರೂ. ಒಂದು ಮಾತು ಹೇಳುವುದು, ನಿಲ್ಲಿಸುವುದು. ಆ ನಿಲುಗಡೆಗೆ ಅಡುಗೆಮನೆಯಿಂದ ಮಗಳು, ಅಳಿಯನ ಹೆಂಡತಿ, “ಹೂಂ” ಎನ್ನುತ್ತಿದ್ದಳು. ಆಮೇಲೇ ಕಥೆ ಮುಂದಕ್ಕೆ. ಹೂಂ ಎನ್ನುವವರಿಲ್ಲದೆ ಕಥೆ ಕಾಲು ಕೀಳುವುದಿಲ್ಲ. ಎತ್ತಿಗೆ ಬಾಯಿಮಾತು ಇದ್ದ ಹಾಗೆ, ಕಥೆಗೆ ಹೂಂ.

ಪರದೆಯ ಮೇಲೂ ಅದೇ ಅಜ್ಜಿ, ಅದೇ ಕಥೆ. ಒಂದು ಹಕ್ಕಿ ಇತ್ತಂತೆ. ಗೂಡು ಒಂದು ಮರದಲ್ಲಿ ಕಟ್ಟಿ, ಹಾವು ಬಂತೆಂದರೆ ಇನ್ನೊಂದು ಮರದಲ್ಲಿ ಹೋಗಿ ಕೂತು ಕೂಗುತ್ತಿತ್ತಂತೆ. ಹಾವು ಪಾಪ, ಕೂಗಿದ್ದಲ್ಲೇ ಮರಿ ಇರುತ್ತದೆ ಎಂದು ನಂಬಿ ಬರಿಯ ಮರ ಹತ್ತಿ ಹತ್ತಿ ಹೊಟ್ಟೆ ಸವೆಸಿಕೊಂಡಿತಂತೆ.

“ನಾನೂ ಬರಿಯ ಮರ ಹತ್ತುತಾ ಇದ್ದೀನೋ ಏನೋ,” ಎಂದರು ಸಾವಧಾನಮ್ಮ. “ಇದನ್ನ ಹೇಗೆ ಚಿತ್ರ ಹಿಡಿದಿರಿ, ಹೇಳಿ. ನಿಧಾನವಾಗಿ.”

ಅಳಿಯನಿಗೆ ಕೆಲಸದ ಮಾತು ಬಂದರೆ ಜೀವ ಬಂದ ಹಾಗೆ. ಅಜ್ಜಿಯ ಕಥೆಗಳನ್ನು ಅವರ ದನಿಯಲ್ಲೇ ಉಳಿಸಿಕೊಳ್ಳಬೇಕು ಎಂಬುದು ಅವನ ಆಸೆಯಾಗಿತ್ತು. ನಾಲ್ಕು ಕ್ಯಾಮೆರಾ ಇಟ್ಟಿದ್ದ. ಒಂದು ಅಜ್ಜಿಯ ಮುಖಕ್ಕೆ. ಒಂದು ಎದುರಿಗೆ ಕೂತು ಹೂಂಗುಡುವ ಹಿರಿಮಗನಿಗೆ, ಅಂದರೆ ಇವನ ಭಾವನಿಗೆ. ಒಂದು ಅಜ್ಜಿಯ ಕೈಗಳಿಗೆ, ಏಕೆಂದರೆ ಅಜ್ಜಿ ಅರ್ಧ ಕಥೆಯನ್ನು ಕೈಯಲ್ಲೇ ಹೇಳುತ್ತಿದ್ದರು. ಇನ್ನೊಂದು ದೂರದಿಂದ ಇಡೀ ಹಜಾರಕ್ಕೆ. ಅಜ್ಜಿಗೂ ಭಾವನಿಗೂ ಒಂದೊಂದು ಸಣ್ಣ ಮೈಕು. ಉಳಿದಂತೆ ಪ್ರತಿ ಕ್ಯಾಮೆರಾಕ್ಕೂ ಅದರದೇ ಕಿವಿ ಇದ್ದೇ ಇತ್ತು. ಎಲ್ಲವನ್ನೂ ಕಾಲಕ್ಕೆ ಕಾಲ ಹೊಂದಿಸಿ ಒಂದರ ಮೇಲೊಂದು ಇಟ್ಟು, ಬೇಕಾದಾಗ ಬೇಕಾದ ಕ್ಯಾಮೆರಾ ಆರಿಸಿಕೊಳ್ಳುತ್ತ ಹೋಗುವುದೇ ಎಡಿಟಿಂಗ್ ಎಂದ.

“ಕೈಯ ಕ್ಯಾಮೆರಾ ಹಿಂದೆ ಯಾರಿದ್ದರು?”

“ನನ್ನ ಹೆಂಡತಿ. ಅವಳ ಕೈ ಅಲ್ಲಾಡೋಲ್ಲ.”

“ಹಕ್ಕಿ ಹಾರೋ ಕಡೆ ಅಜ್ಜಿ ಕೈ ಎತ್ತುತ್ತಾರೆ. ಕ್ಯಾಮೆರಾ ಮೇಲಕ್ಕೆ ಹೋಗಲೇ ಇಲ್ಲ. ಕೈ ಚೌಕಟ್ಟಿನ ಆಚೆ ಹೋಗಿಬಿಡುತ್ತೆ.”

ಕಥೆಯಲ್ಲಿ ಮೈಮರೆತಿರಬೇಕು ಎಂದ ಅಳಿಯ. ಸ್ಟ್ಯಾಂಡಿನ ಮೇಲೆ ಇದ್ದುದರಿಂದ ಅಲ್ಲಾಡಿಲ್ಲ, ಅಷ್ಟೆ.

ಅಷ್ಟರಲ್ಲಿ ಮೆಟ್ಟಿಲ ನಡುವಿನ ಸಡಿಲ ಹಲಗೆ ‘ಕ್ರೀಚ್’ ಎಂದಿತು. ಆ ಮನೆಯಲ್ಲಿ ಯಾರು ಮೇಲೆ ಬಂದರೂ ಹಲಗೆ ಮೊದಲು ಹೇಳಿಬಿಡುತ್ತಿತ್ತು. ಮಗಳು ಹೊಸ ಕಾಫಿ ತಂದಳು. ಸೆಖೆಯ ಹೊತ್ತಿನಲ್ಲೂ ಹೆಗಲ ತುಂಬ ಕಂದು ಬಣ್ಣದ ಶಾಲು. ಅಪ್ಪ ಹೋದಾಗಿನಿಂದ ಚಳಿ ಬಿಟ್ಟೇ ಇಲ್ಲ ಎಂದು ತಾನಾಗಿಯೇ ಹೇಳಿದಳು. ಸಾವಧಾನಮ್ಮ ಅವಳ ಮುಖವನ್ನು ಒಂದು ಕ್ಷಣ ನೋಡಿ, ಅಜ್ಜಿಯ ಕಣ್ಣಿಗೆ ಹನಿ ಹಾಕುವವರು ಯಾರು ಎಂದು ಕೇಳಿದರು. ನಾನೇ ಎಂದಳು. ಯಾವ ಕಣ್ಣಿಗೆ ಮೊದಲು ಎಂದು ಕೇಳಿದರು. ಯಾವುದಾದರೇನು ಎನ್ನುವ ಹಾಗೆ ಅವಳು ತಲೆಯಾಡಿಸಿ, ಆಮೇಲೆ ಮೆಲ್ಲಗೆ, “ಅಮ್ಮ ನನ್ನ ಹತ್ತಿರ ಹಟ ಮಾಡ್ತಾಳೆ,” ಎಂದಳು.

ಕೆಳಗೆ ಕಥೆ ನಿಂತಿತ್ತು. ಅವಳು ಬಾಗಿಲಲ್ಲಿ ನಿಂತೇ ಕೆಳಕ್ಕೆ ಕೇಳುವ ಹಾಗೆ “ಹೂಂ” ಎಂದು ಇಳಿದು ಹೋದಳು. ಹಲಗೆ ಇನ್ನೊಮ್ಮೆ ಕೂಗಿತು.

ಸಾವಧಾನಮ್ಮ ಲೋಟವನ್ನು ಎರಡು ಅಂಗೈಯಲ್ಲಿ ಹಿಡಿದುಕೊಂಡರು. ಏನನ್ನಾದರೂ ಕೇಳುವ ಮೊದಲು ಒಂದು ಗಳಿಗೆ ಮೌನವಾಗಿ ದೇವರನ್ನು ನೆನೆಯುವುದು ಅವರ ಅಭ್ಯಾಸ. ಬೇಡುವುದಕ್ಕಲ್ಲ. ನಾನು ಕೇಳಬೇಕೆಂದಿರುವುದನ್ನಲ್ಲ, ಇರುವುದನ್ನೇ ಕೇಳುವ ಹಾಗೆ ಮಾಡು ಎಂದು ಒಪ್ಪಿಸುವುದಕ್ಕೆ.

“ಈ ಚಿತ್ರದಲ್ಲಿ ನೀವು ಎಲ್ಲಿ ಏನು ಜೋಡಿಸಿದಿರಿ, ಯಾವುದರ ಸದ್ದು ತೆಗೆದಿರಿ, ಅದು ಎಲ್ಲಾದರೂ ಇದ್ದ ಹಾಗೇ ಸಿಗುತ್ತಾ? ನೋಡೋಕೆ ಚೆಂದ ಇರಬೇಕಾಗಿಲ್ಲ.”

ಸಿಗುತ್ತದೆ ಎಂದ ಅಳಿಯ. ಇಡೀ ಪ್ರಾಜೆಕ್ಟನ್ನು ಬರಿಯ ಅಕ್ಷರದ ಕಡತವಾಗಿ ಇಳಿಸಬಹುದು; ಅದಕ್ಕೆ ಮಾರ್ಕಪ್ ಎನ್ನುತ್ತಾರೆ. ಅದರಲ್ಲಿ ಚಿತ್ರವೂ ಇಲ್ಲ, ಸದ್ದೂ ಇಲ್ಲ. ಯಾವ ತುಂಡು ಎಲ್ಲಿಂದ, ಎಷ್ಟು ಹೊತ್ತು, ಯಾವ ಚಾನೆಲ್, ಅಂದರೆ ಯಾವ ಮೈಕಿನ ಸದ್ದು, ಕೇಳಿಸಬೇಕು, ಯಾವುದು ಬೇಡ ಎಂಬ ಆಜ್ಞೆಗಳು ಮಾತ್ರ. ಯಂತ್ರ ಅದನ್ನು ಓದಿಕೊಂಡು ಕಥೆ ಕಟ್ಟುತ್ತದೆ. ದನಿಯ ಹೊಂದಾಣಿಕೆಯನ್ನು ಅವನು ಅಲ್ಲೇ ತಿದ್ದುತ್ತಿದ್ದನಂತೆ. ಮೌಸಿನಲ್ಲಿ ಒಂದೊಂದಾಗಿ ಒತ್ತುತ್ತ ಕೂರುವುದಕ್ಕಿಂತ ಅದು ಬೇಗ.

ಎರಡನೆಯ ಪರದೆಯಲ್ಲಿ ಅಕ್ಷರಗಳು ಸಾಲುಸಾಲಾಗಿ ಇಳಿದವು. ಪ್ರತಿ ಮಾತಿಗೂ ಎರಡು ಕಡೆ ಮೊನೆಯ ಕಂಸ. ಮುಳ್ಳಿನ ಬೇಲಿಯೊಳಗೆ ಮಲಗಿದ ಊರಿನ ಹಾಗಿತ್ತು.

“ಗಾಬರಿ ಬೀಳಬೇಡಿ ಅಮ್ಮ,” ಎಂದು ಅಳಿಯ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. “ಒಂದೊಂದು ತುಂಡಿಗೂ ನೋಡಬೇಕಾದ್ದು ಎರಡೇ. ಕಣ್ಣು ಯಾವ ಕ್ಯಾಮೆರಾದ್ದು, ಕಿವಿ ಯಾವ ಕ್ಯಾಮೆರಾದ್ದು. ಎರಡೂ ಒಂದೇ ಆಗಿರಬೇಕು ಅಂತೇನಿಲ್ಲ. ಅಜ್ಜಿ ಮುಖ ತೋರಿಸಿ ಭಾವನ ದನಿ ಕೇಳಿಸಬಹುದು.”

“ಗೂಡೊಂದು ಮರದಲ್ಲಿ, ಕೂಗೊಂದು ಮರದಲ್ಲಿ.”

“ಹಾಂ. ಹಂಗೇ.” ಆ ಹೋಲಿಕೆ ಅವನಿಗೆ ಹಿಡಿಸಿತು. ಮರುಗಳಿಗೆ ಹಿಡಿಸಲಿಲ್ಲ.

ಅವನು ಕ್ಯಾಮೆರಾಗಳಿಗೆ ಮನೆಮಾತಿನ ಹೆಸರಿಟ್ಟಿದ್ದ: ಅಜ್ಜಿ, ಭಾವ, ಕೈ, ಹಜಾರ. ಸಾವಧಾನಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವವರ ಹಾಗೆ ಒಂದೊಂದೇ ಸಾಲನ್ನು ಬೆರಳಿಂದ ಸರಿಸುತ್ತ ಹೋದರು. ಕಣ್ಣು ಅಜ್ಜಿ, ಕಿವಿ ಅಜ್ಜಿ ಮತ್ತು ಭಾವ. ಕಣ್ಣು ಕೈ, ಕಿವಿ ಅಜ್ಜಿ ಮತ್ತು ಭಾವ. ಬಹಳ ದೂರ ಹೀಗೇ. ಹಕ್ಕಿಯ ಕಥೆ ಶುರುವಾದ ಸ್ವಲ್ಪ ಹೊತ್ತಿಗೆ ಬೆರಳು ನಿಂತಿತು.

ಅಲ್ಲಿ ಭಾವನ ಚಾನೆಲ್ಲಿನ ಮುಂದೆ ಕೇಳಿಸು ಎನ್ನುವ ಒಂದರ ಬದಲು ಸೊನ್ನೆ ಇತ್ತು. ಅದರ ಕೆಳಗೆ ಚೂರುಚೂರು ತುಂಡುಗಳು. ಇಡೀ ಕಥೆಯ ಉದ್ದಕ್ಕೂ ಬಿತ್ತಿದ ಹಾಗೆ. ಅವೆಲ್ಲವೂ ಹುಟ್ಟಿದ್ದು ಒಂದೇ ಕಡೆ, ಕಥೆಗೆ ಮುಂಚಿನ ಒಂದು ಗಳಿಗೆಯಿಂದ. ಅಜ್ಜಿ, “ಶುರು ಮಾಡ್ಲೇನೋ?” ಎಂದು ಕೇಳಿದಾಗ ಮಗ ಕುರ್ಚಿಯಲ್ಲಿ ಸರಿದು ಕೂತು ಹೇಳಿದ ಹೂಂ.

“ಇದನ್ನ ಯಾರು ಮಾಡಿದ್ದು?”

“ನಾನೇ.”

“ಯಾಕೆ?”

ಅಳಿಯ ಹೇಳಿದ್ದು ಇಷ್ಟು. ಠಾಣೆಯವರು ಚಿತ್ರ ಕೇಳಿದಾಗ ಅವನು ಇದ್ದ ಹಾಗೆ ಕೊಡಬಹುದಾಗಿತ್ತು. ಕೊಡಲು ಮನಸ್ಸು ಬರಲಿಲ್ಲ. ಆ ಕಥೆಯ ಹೊತ್ತಿಗೆ ಭಾವನ ಕ್ಯಾಮೆರಾ ಬ್ಯಾಟರಿ ಮುಗಿದು ನಿಂತಿತ್ತು, ಅವರ ಮೈಕಿನಲ್ಲಿ ಬಟ್ಟೆ ಉಜ್ಜಿದ ಗಲಾಟೆ ತುಂಬಿತ್ತು. ಅದನ್ನು ಮುಚ್ಚಿದರೆ ಹೂಂಗಳೂ ಹೋಗಿ ಕಥೆ ಸಪ್ಪೆಯಾಯಿತು. ಆದ್ದರಿಂದ ಒಂದು ಒಳ್ಳೆಯ ಹೂಂ ಆರಿಸಿ, ಅಜ್ಜಿ ನಿಲ್ಲಿಸಿದಲ್ಲೆಲ್ಲ ಇಟ್ಟ.

“ಹೊರಗಿನವರು ನೋಡೋದು ಅಮ್ಮ. ಗಲೀಜಾಗಿ ಹೇಗೆ ಕೊಡೋದು? ಮನೆಗೆ ಯಾರಾದ್ರೂ ಬರ್ತಾರೆ ಅಂದ್ರೆ ಕಸ ಗುಡಿಸೋಲ್ವಾ?”

“ಸಾವಾದ ಮನೇಲಿ ಪೊಲೀಸರು ಬರೋ ಮೊದಲು ಕಸ ಗುಡಿಸಬಾರದು ಅಳಿಯಂದಿರೇ.”

ಅವನ ಮುಖ ಸುಣ್ಣದ ಗೋಡೆಯಾಯಿತು. ಕೆಟ್ಟದ್ದನ್ನು ಮಾಡಿದವನ ಬಿಳುಪಲ್ಲ ಅದು. ಅಚ್ಚುಕಟ್ಟಾಗಿ ಮಾಡಿದ ಕೆಲಸವೇ ಕೆಟ್ಟದ್ದಾಗಿ ತಿರುಗಿ ನೋಡಿದಾಗ ಬರುವ ಬಿಳುಪು.

ಸಾವಧಾನಮ್ಮ ದನಿ ಏರಿಸಲಿಲ್ಲ. ಹಿರಿಮಗ ಹಜಾರದಲ್ಲೇ ಇದ್ದ ಎಂದು ಠಾಣೆಯವರು ನಂಬಿದ್ದು ಯಾವುದನ್ನು ನೋಡಿ ಎಂದು ಕೇಳಿದರು. ಆ ಕಥೆಯ ಉದ್ದಕ್ಕೂ ಚಿತ್ರದಲ್ಲಿ ಇದ್ದುದು ಅಜ್ಜಿಯ ಮುಖ, ಅಜ್ಜಿಯ ಕೈ. ಮಗ ಇದ್ದದ್ದು ಬರಿಯ ಹೂಂನಲ್ಲಿ. ಆ ಹೂಂ ಇವನು ಅಂಟಿಸಿದ್ದು. ಹಾಗಾದರೆ ಭಾವ ಎಲ್ಲಿದ್ದ? ಅಪ್ಪನನ್ನು ಹೀಗೆ ಕೊಳವೆಗೆ ಕಟ್ಟಿ ಇಟ್ಟಿರುವುದು ಬದುಕಲ್ಲ, ಬಿಟ್ಟುಬಿಡಿ ಎಂದು ಈ ಮನೆಯಲ್ಲಿ ಹೇಳಿದವನು ಅವನೊಬ್ಬನೇ ಅಲ್ಲವೇ?

“ನನ್ನ ಕಣ್ಣು ಅಜ್ಜಿ ಕ್ಯಾಮೆರಾ ಮೇಲೇ ಇತ್ತು, ಬೇರೆ ಕಡೆ ನೋಡಲಿಲ್ಲ. ಆದ್ರೆ ಭಾವ ಅಂಥೋರಲ್ಲ,” ಎಂದ ಅಳಿಯ.

“ಸಿಸ್ಟರೂ ಅಂಥೋಳಲ್ಲ. ನಾಳೆ ಅವಳನ್ನ ಕರಕೊಂಡು ಹೋಗ್ತಾರೆ.”

ಅವನು ಮೇಜಿನ ಅಂಚನ್ನು ಹಿಡಿದುಕೊಂಡ. ತಾನು ಈ ಮನೆಗೆ ಬಂದು ಸೇರಿದ ಅಳಿಯ ಎಂದ. ಕೆಲಸವಿಲ್ಲದ ಕಾಲದಲ್ಲಿ ಈ ಕೋಣೆ ಬಿಟ್ಟುಕೊಟ್ಟವರು ಭಾವ, ಮೊದಲ ಕ್ಯಾಮೆರಾ ತಂದುಕೊಟ್ಟವರು ಭಾವ. ಮನೆಅಳಿಯನ ಮಾತು ಮನೆಯಲ್ಲಿ ಯಾರು ಕೇಳುತ್ತಾರೆ, ಅದಕ್ಕೇ ಎಲ್ಲರ ಮಾತು ಕೇಳುವ ಕೆಲಸ ಹಿಡಿದಿದ್ದೀಯ ಎಂದು ರೇಗಿಸುವವರೂ ಅವರೇ. ಉಂಡ ಮನೆಯ ಜಂತೆ ಎಣಿಸು ಎಂದರೆ ಹೇಗೆ?

“ಜಂತೆ ಎಣಿಸೋದು ಬೇಡ. ಬಿದ್ದಿದ್ದು ಯಾವುದು ಅಂತ ನೋಡೋಣ. ಆ ಗಲಾಟೆ ಈಗ ಎಲ್ಲಿದೆ? ಅಳಿಸಿಬಿಟ್ಟಿರಾ?”

ಅಳಿಯ ತಲೆಯಲ್ಲಾಡಿಸಿದ.

“ಏನೂ ಅಳಿಸಿಲ್ಲ. ಸೊನ್ನೆ ಅಂದ್ರೆ ಇಲ್ಲ ಅಂತಲ್ಲ ಅಮ್ಮ. ಕೇಳಿಸಬೇಡ ಅಂತ ಹೇಳಿದ್ದು, ಅಷ್ಟೇ.”

“ನೀವು ಅದನ್ನ ಕೇಳಿದ್ರಾ, ತೆಗೆಯೋ ಮೊದಲು?”

“ಇಲ್ಲ.” ದನಿ ನೆಲಕ್ಕೆ ಬಿತ್ತು. “ಸದ್ದು ಅಲೆ ತರ ಕಾಣುತ್ತೆ ಪರದೇಲಿ. ಗಲಾಟೆ ಅಂತ ಕಣ್ಣಲ್ಲೇ ಗೊತ್ತಾಯ್ತು. ನೋಡಿ ಮುಚ್ಚಿದೆ.”

ಕೇಳಬೇಕಾದ್ದನ್ನು ನೋಡಿ ಮುಚ್ಚಿದ. ಲೋಕದಲ್ಲಿ ಎಷ್ಟೋ ಮುಚ್ಚಿದ ಬಾಗಿಲುಗಳ ಹಿಂದೆ ಇರುವ ಸಂಗತಿ ಇಷ್ಟೇ ಇರಬಹುದು. ನಾವು ಸೊನ್ನೆ ಹಾಕಿದ್ದು ಇಲ್ಲದೆ ಹೋಗುವುದಿಲ್ಲ. ಅದು ತನ್ನ ಪಾಡಿಗೆ ತನ್ನ ಕಾಲದಲ್ಲಿ ಉಸಿರಾಡುತ್ತ ಇರುತ್ತದೆ. ಮೇಲೆ ಕೂತ ದೇವರಿಗೆ ಯಾವ ಚಾನೆಲ್ಲೂ ಮುಚ್ಚಿಲ್ಲ; ಎಲ್ಲ ಕಣ್ಣೂ ಎಲ್ಲ ಕಿವಿಯೂ ಒಟ್ಟಿಗೆ ತೆರೆದುಕೊಂಡು ಅವನು ಹೇಗೆ ನಿದ್ದೆ ಮಾಡುತ್ತಾನೋ. ಹಾಗಾಗಿಯೇ ಅವನು ನಿದ್ದೆ ಮಾಡುವುದಿಲ್ಲ ಎಂದು ಹಿಂದಿನವರು ಹೇಳಿರಬೇಕು.

“ಮೊದಲು ಹಜಾರ,” ಎಂದರು ಸಾವಧಾನಮ್ಮ. “ಅದರದೇ ಕಿವೀಲಿ ಕೇಳಿಸಿ. ಭಾವನ ಮೈಕು ಆಮೇಲೆ.”

ಅಳಿಯ ಅಂಟಿಸಿದ್ದ ಹೂಂಗಳನ್ನೆಲ್ಲ ಕಿತ್ತುಹಾಕಿದ. ಮಾರ್ಕಪ್ಪಿನಲ್ಲಿ ಹಜಾರದ ಸದ್ದಿಗೆ ಒಂದು ಬರೆದು, ಉಳಿದವಕ್ಕೆ ಸೊನ್ನೆ ಹಾಕಿ, ಕಡತವನ್ನು ಮತ್ತೆ ಯಂತ್ರಕ್ಕೆ ಉಣಿಸಿದ.

ಕೋಣೆ ಒಮ್ಮೆಲೇ ದೊಡ್ಡದಾಯಿತು. ದೂರದ ದನಿಗಳು, ಗೋಡೆಗೆ ತಾಗಿ ಬರುವ ದನಿಗಳು. ಫ್ಯಾನಿನ ಗುಂಗು. ಬಾವಿಯ ತಳದಿಂದ ಹೇಳುವ ಹಾಗೆ ಅಜ್ಜಿಯ ಕಥೆ. ಹಕ್ಕಿ ಗೂಡು ಕಟ್ಟಿತು. ಅಜ್ಜಿ ನಿಲ್ಲಿಸಿದರು.

ದೂರದಲ್ಲಿ, ತೆಳ್ಳಗೆ, ಆಕಳಿಕೆಯೊಳಗಿಂದ: “ಹೂಂ.”

ಅಳಿಯನ ಬೆನ್ನು ನೆಟ್ಟಗಾಯಿತು.

ಹಾವು ಬಂತು. “ಹೂಂ?” ಮರ ಹತ್ತಿತು. “ಹೂಂ ಹೂಂ.” ಬರಿಯ ಮರ. ಮಗ ಮೂಗಿನಲ್ಲೇ ನಕ್ಕ, ಆ ನಗುವಿನ ತುದಿಗೆ ಮತ್ತೊಂದು ಹೂಂ. ಒಂದರ ಹಾಗೆ ಇನ್ನೊಂದಿಲ್ಲ. ಎಲ್ಲವೂ ಜೀವಂತ, ಎಲ್ಲವೂ ಅದೇ ಕುರ್ಚಿಯಿಂದ. ಕಥೆ ಮುಗಿಯುವವರೆಗೂ ಆ ಮನುಷ್ಯ ಅಲ್ಲಿಂದ ಎದ್ದಿರಲಿಲ್ಲ.

ಅಳಿಯ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆರಳ ಸಂದಿನಿಂದ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ನಾನು ಹೇಳಲಿಲ್ಲವೇ ಎಂದ, ಭಾವ ಅಂಥವರಲ್ಲ ಎಂದ, ದೇವರು ದೊಡ್ಡವನು ಎಂದ. ಸಾವಧಾನಮ್ಮನಿಗೂ ಎದೆ ಹಗುರಾದ ಹಾಗಾಯಿತು. ಅವರು ತಪ್ಪು ಮನುಷ್ಯನನ್ನು ಮನಸ್ಸಿನಲ್ಲಿ ಕಟಕಟೆ ಹತ್ತಿಸಿಬಿಟ್ಟಿದ್ದರು. ಅದಕ್ಕೆ ಒಳಗೊಳಗೇ ಕ್ಷಮೆ ಕೇಳಿಕೊಂಡರು.

ಆದರೆ ನರ್ಸ್ ಇನ್ನೂ ಠಾಣೆಯಲ್ಲೇ ಇದ್ದಳು.

“ಈಗ ಭಾವನ ಮೈಕು. ಹಜಾರವೂ ಇರಲಿ, ಜೊತೆಗೆ. ಹಜಾರ ಎಡಗಿವಿಗೆ, ಮೈಕು ಬಲಗಿವಿಗೆ ಬರೋ ಹಾಗೆ ಮಾಡೋಕಾಗುತ್ತಾ?”

ಆಗುತ್ತದೆ. ಎರಡು ಸಾಲು ತಿದ್ದಿದರೆ ಸಾಕು. ಅಳಿಯ ಈಗ ಹಗುರ ಕೈಯಿಂದ, ಸಿಳ್ಳೆ ಹಾಕುವುದೊಂದು ಬಾಕಿ ಎನ್ನುವ ಹಾಗೆ, ಸೊನ್ನೆಯನ್ನು ಅಳಿಸಿ ಒಂದು ಬರೆದ. ಸ್ಪೀಕರು ಬೇಡ, ಕೆಳಗೆ ಕೇಳಿಸುತ್ತದೆ ಎಂದು ಸಾವಧಾನಮ್ಮ ಹೇಳಲಿಲ್ಲ. ಆಮೇಲೆ, ಹೇಳಬೇಕಾಗಿತ್ತು ಎಂದು ಅವರಿಗೆ ಅನ್ನಿಸಿತು.

ಎಡದಲ್ಲಿ ಕಥೆ. ಬಲದಲ್ಲಿ ಸರಸರ, ಬಟ್ಟೆಗೆ ಬಟ್ಟೆ ಉಜ್ಜುವ ಸದ್ದು. ಎಡದಲ್ಲಿ ಹೂಂ. ಬಲದಲ್ಲಿ ಹೆಜ್ಜೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಬರಿಗಾಲಿನ ಹೆಜ್ಜೆ, ಮೆತ್ತಗೆ. ಒಂದು ಮೆಟ್ಟಿಲು, ಇನ್ನೊಂದು. ಆಮೇಲೆ ‘ಕ್ರೀಚ್’. ಎಡದಲ್ಲಿ ಅದೇ ಗಳಿಗೆಗೆ ಹಿರಿಮಗನ ನಗು. ಒಬ್ಬನೇ ಮನುಷ್ಯ ಕುರ್ಚಿಯಲ್ಲಿ ಕೂತು ನಗುತ್ತಿದ್ದ, ಅವನ ಮೈಕು ಮಹಡಿ ಹತ್ತುತ್ತಿತ್ತು. ಕನಸಿನಲ್ಲಿ ನಮ್ಮನ್ನು ನಾವೇ ದೂರದಿಂದ ನೋಡುತ್ತೇವಲ್ಲ, ಹಾಗೆ.

“ಮೈಕು ಭಾವನ ಅಂಗಿಗೆ ಸಿಕ್ಕಿಸಿದ್ರಾ?”

ಇಲ್ಲ. ಅಳಿಯನಿಗೆ ಈಗ ನೆನಪಾಯಿತು. ಕತ್ತಿಗೆ ಚುಚ್ಚುತ್ತದೆ ಎಂದು ಭಾವ ರಗಳೆ ಮಾಡಿದ್ದರು. ಅವರು ಹೊದ್ದಿದ್ದ ಶಾಲಿನ ಅಂಚಿಗೆ ಸಿಕ್ಕಿಸಿ, ಅದರ ಪುಟ್ಟ ಪೆಟ್ಟಿಗೆಯನ್ನು ಶಾಲಿನ ಮಡಿಕೆಗೇ ಪಿನ್ನು ಹಾಕಿ ಕೂರಿಸಿದ್ದ. ಸೆಖೆ ಎಂದು ಕಥೆಗೆ ಮೊದಲೇ ಶಾಲು ತೆಗೆದು ಕುರ್ಚಿಯ ಕೈಮೇಲೆ ಹಾಕಿದ್ದರು. ಅಲ್ಲಿಂದಲೂ ದನಿ ಚೆನ್ನಾಗಿಯೇ ಬರುತ್ತಿದ್ದುದರಿಂದ ಇವನು ಸುಮ್ಮನಿದ್ದ.

“ಹಜಾರದ ಚಿತ್ರ ತೋರಿಸಿ.”

ಹಜಾರ ಪರದೆಗೆ ಬಂತು. ಅಜ್ಜಿಯ ಬೆನ್ನು, ಹಿರಿಮಗನ ಅರ್ಧ ತಲೆ, ಕುರ್ಚಿಯ ಕೈ. ಹಕ್ಕಿಯ ಕಥೆಗೆ ಮೊದಲು ಕುರ್ಚಿಯ ಕೈಮೇಲೆ ಒಂದು ಶಾಲು ಇಳಿಬಿದ್ದಿತ್ತು. ಕಥೆ ಶುರುವಾದಾಗ ಮಗ ಅಜ್ಜಿಯ ಕಡೆ ಬಾಗಿದ. ಒಂದು ನೆರಳು ಅವನ ಹಿಂದೆ ಹಾದುಹೋಯಿತು. ಮಗ ನೆಟ್ಟಗೆ ಕೂತಾಗ ಕುರ್ಚಿಯ ಕೈ ಬರಿದಾಗಿತ್ತು.

ಕಂದು ಬಣ್ಣದ ಶಾಲು.

ಅಳಿಯ ಆ ಬರಿದಾದ ಕುರ್ಚಿಯ ಕೈಯನ್ನೇ ನೋಡುತ್ತಿದ್ದ. ಬಲಗಿವಿಯಲ್ಲಿ ಮೈಕು ಹಿರಿಯರ ಕೋಣೆಯ ಬಾಗಿಲು ತಲುಪಿತ್ತು. ಹಿಡಿ ತಿರುಗಿದ ಸದ್ದು. ಒಳಗಿನ ಗಾಳಿ ಬೇರೆ. ಸಿಲಿಂಡರಿನ ಸುಯ್ಯೆನ್ನುವ ಸಣ್ಣ ಉಸಿರು, ಅದರ ಜೊತೆಗೆ ಇನ್ನೊಂದು ಉಸಿರು, ಹಳೆಯದು, ಹರಕಲು. ಕುರ್ಚಿ ಎಳೆದ ಸದ್ದು. ಯಾರೋ ಕೂತರು.

ಬಹಳ ಹೊತ್ತು ಏನೂ ಇಲ್ಲ. ಎಡಗಿವಿಯಲ್ಲಿ ಮಾತ್ರ ಹಕ್ಕಿ ಬೇರೆ ಮರದಲ್ಲಿ ಕೂತು ಕೂಗುತ್ತಿತ್ತು.

ಆಮೇಲೆ, ಒಣಗಿದ ಎಲೆ ನೆಲದ ಮೇಲೆ ಸರಿದ ಹಾಗೆ, ಸತ್ತವರ ದನಿ.

“ಬಂದೆಯಾ?”

“ಹೂಂ, ಅಪ್ಪಾ. ಬಂದೆ.”

ಅಳಿಯನ ಕೈ ತಾನಾಗಿಯೇ ಹೋಗಿ ಗುಂಡಿ ಒತ್ತಿತು. ಸದ್ದು ನಿಂತಿತು. ಸುಯ್ಯೆನ್ನುವ ಉಸಿರು ಇನ್ನೂ ಹರಿಯುತ್ತಿತ್ತೋ, ನಿಲ್ಲುವುದರಲ್ಲಿತ್ತೋ, ತಿರುಪಿನ ಮೇಲೆ ಕೈ ಬಿದ್ದಿತ್ತೋ ಇಲ್ಲವೋ, ಎಲ್ಲವೂ ಆ ಗುಂಡಿಯ ಆಚೆ ಉಳಿದವು.

ಆ ಹೂಂ ಯಾರದು ಎಂದು ಸಾವಧಾನಮ್ಮ ಕೇಳಬೇಕಾಗಿರಲಿಲ್ಲ. ಮಧ್ಯಾಹ್ನವೆಲ್ಲ ಅದನ್ನೇ ಅಡುಗೆಮನೆಯಿಂದ ಕೇಳುತ್ತಿದ್ದರು.

ಅಳಿಯ ಎರಡನೆಯ ಪರದೆಯ ಕಡೆ ತಿರುಗಿದ. ಕರ್ಸರಿನ ಗೆರೆಯೊಂದು ಭಾವನ ಚಾನೆಲ್ಲಿನ ಮುಂದೆ, ಅವನೇ ಈಗ ಬರೆದ ಒಂದರ ಪಕ್ಕದಲ್ಲಿ, ಹಚ್ಚಿ ಆರಿಸಿದ ಹಾಗೆ ಮಿನುಗುತ್ತಿತ್ತು. ಅವನ ಬೆರಳು ಕೀಲಿಗಳ ಮೇಲೆ ಹೋಗಿ ನಿಂತಿತು. ಒಂದು ಅಳಿಸಿ ಸೊನ್ನೆ ಹಾಕುವುದಕ್ಕೆ ಎಷ್ಟು ಹೊತ್ತು.

ಸಾವಧಾನಮ್ಮ ಅವನ ಕೈ ಹಿಡಿಯಲಿಲ್ಲ.

“ಹಾಕಿ,” ಎಂದರು. “ಹಾಕಬಹುದು. ನಿಮ್ಮ ಮನೆ, ನಿಮ್ಮ ಕೆಲಸ. ನಾನೇನೂ ಕೇಳಿಲ್ಲ ಅಂತ ಹೇಳೋಕೆ ಮಾತ್ರ ನನ್ನಿಂದ ಆಗೋಲ್ಲ. ಆ ಹುಡುಗಿ ಎಡಗಣ್ಣಿಗೆ ಮೊದಲು ಅಂತ ಹೇಳಿ ಕಳಿಸಿದ್ದಾಳೆ.”

“ನನ್ನ ಹೆಂಡತಿ ಅಪ್ಪನ ಮುದ್ದಿನ ಮಗಳು ಅಮ್ಮ,” ಎಂದ ಅವನು. ಬೆರಳು ಕೀಲಿಯನ್ನು ಮುಟ್ಟಿತು. ಒತ್ತಲಿಲ್ಲ.

ಕೆಳಗೆ ಅಜ್ಜಿ ಹಾವನ್ನು ಮರದ ತುದಿಗೆ ಹತ್ತಿಸಿ ಮಾತು ನಿಲ್ಲಿಸಿದರು.

ಇಬ್ಬರೂ ಕಾದರು. ಧೂಳಿನ ಕಣಗಳೂ ಕಾದ ಹಾಗೆ ಕಂಡವು.

ಅಡುಗೆಮನೆಯಿಂದ ಹೂಂ ಬರಲಿಲ್ಲ.

ಅಜ್ಜಿ ಇನ್ನೊಮ್ಮೆ ಹೇಳಿದರು, ಹಾವು ಮರದ ತುದಿಗೆ ಹತ್ತಿತು ಎಂದು. ನಿಲ್ಲಿಸಿದರು.

ಸಡಿಲ ಹಲಗೆ ಕೂಗಿತು. ಯಂತ್ರದೊಳಗಲ್ಲ, ಹೊರಗೆ, ಮೆಟ್ಟಿಲ ನಡುವೆ. ಬರಿಗಾಲಿನ ಹೆಜ್ಜೆ, ಮೆತ್ತಗೆ, ಈಗಷ್ಟೇ ಬಲಗಿವಿಯಲ್ಲಿ ಕೇಳಿದಂಥದ್ದೇ. ಹಿರಿಯರ ಕೋಣೆಯ ಬೀಗದ ಮುಂದೆ ಒಂದು ಗಳಿಗೆ ನಿಂತಿತು. ಆಮೇಲೆ ಈ ಬಾಗಿಲಿಗೆ ಬಂತು.

ಮಗಳು ಒಳಗೆ ಬಂದಳು. ಶಾಲನ್ನು ಹೆಗಲಿನಿಂದ ತೆಗೆದು, ಮಡಿಸಿ, ಮೇಜಿನ ಮೇಲೆ ಗಂಡನ ಕೈಯ ಪಕ್ಕದಲ್ಲಿ ಇಟ್ಟಳು. ಅದರ ಅಂಚಿನಲ್ಲಿ ಪಿನ್ನಿನ ತೂತು ಇನ್ನೂ ಇತ್ತು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಗೋಡೆಗೆ ಒರಗಿಸಿದ್ದ ಮಣೆಯಂಥ ಪುಟ್ಟ ಸ್ಟೂಲನ್ನು ಎಳೆದು, ಚಿಕ್ಕಂದಿನಲ್ಲಿ ಕಥೆಗೆ ಕೂರುವ ಹಾಗೆ ಮೊಣಕಾಲು ಅಪ್ಪಿಕೊಂಡು ಕೂತಳು.

“ಯಾಕ್ರೀ ನಿಲ್ಲಿಸಿದ್ರಿ?” ಎಂದಳು ಗಂಡನಿಗೆ. “ಕಥೆ ಅರ್ಧಕ್ಕೆ ನಿಲ್ಲಿಸಬಾರದು ಅಂತ ಅಮ್ಮ ಹೇಳ್ತಾಳೆ. ಅಪ್ಪ ಆಮೇಲೆ ನನ್ನ ಹತ್ತಿರ ಒಂದು ಬೇಡಿಕೊಂಡ್ರು. ಅದು ನಿಮಗಿಬ್ಬರಿಗೂ ಕೇಳಿಸಬೇಕು. ಮುಂದೆ ಹಾಕಿ.”

ಅಳಿಯ ಕೀಲಿಯಿಂದ ಬೆರಳು ತೆಗೆದ.

“ಹಾಕಿ,” ಎಂದಳು ಅವಳು. “ನಾನು ಹೂಂಗುಡ್ತೀನಿ.”